ಹಂಡೆಯ ಕುದಿ, ಉಪಗ್ರಹದ ಕುದಿ

ಚನ್ನರಾಯಪಟ್ಟಣ ಸೀಮೆಯ ಹಳ್ಳಿಮನೆಗಳ ಬಚ್ಚಲಲ್ಲಿ ತೆಂಗಿನ ಮಟ್ಟೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುವುದು ಹಳೆಯ ರೂಢಿ. ಬೆಂಕಿ ಇರುವುದು ತಳದಲ್ಲಿ. ಆದರೂ ಬಿಸಿ ಮೇಲಕ್ಕೆ ಬರುತ್ತದೆ. ಕಾದ ನೀರು ಹಗುರಾಗಿ ಏರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಕುದಿ ಬಂದಾಗ ತಳದಲ್ಲಿ ಹುಟ್ಟುವ ಆವಿಯ ಗುಳ್ಳೆಗಳೂ ಹೀಗೆಯೇ ಮೇಲೆದ್ದು ಒಡೆಯುತ್ತವೆ. ಈ ಏರಿಳಿತವನ್ನೆಲ್ಲ ನಡೆಸುವುದು ಭೂಮಿಯ ಸೆಳೆತ.

ಆ ಸೆಳೆತದ ನೆರವಿಲ್ಲದ ಕಡೆ ದ್ರವವನ್ನು ಕಾಯಿಸಿದರೆ? ಪ್ರಶ್ನೆ ತಮಾಷೆಯದೆನಿಸಬಹುದು. ಆದರೆ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರಕ್ಕೆ ಇದು ದಿನನಿತ್ಯದ ಸಂಗತಿ. ಊರಿನವರು ಎಂ.ಸಿ.ಎಫ್. ಎಂದೇ ಕರೆಯುವ ಈ ಕೇಂದ್ರ 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿ ಆರಂಭವಾಯಿತು. ಇಲ್ಲಿಂದ ಆಜ್ಞೆ ಪಡೆಯುವ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ.

ಅಷ್ಟು ಎತ್ತರದಲ್ಲಿ ಗುರುತ್ವವೇ ಇಲ್ಲ ಎನ್ನುವುದು ಸರಿಯಲ್ಲ. ನೆಲದ ಮೇಲಿನದರ ಸುಮಾರು ನಲವತ್ತನಾಲ್ಕರಲ್ಲೊಂದು ಪಾಲಿನಷ್ಟು ಇದೆ. ಮರದಿಂದ ಬೀಳುತ್ತಿರುವ ಎಳನೀರನ್ನು ನೆನೆಸಿಕೊಳ್ಳಿ. ಬುರುಡೆ, ಒಳಗಿನ ನೀರು ಎರಡೂ ಒಟ್ಟಿಗೇ ಬೀಳುವುದರಿಂದ ನೀರು ತಳವನ್ನು ಒತ್ತುವುದಿಲ್ಲ. ಉಪಗ್ರಹವೂ ಭೂಮಿಯ ಸುತ್ತ ಸದಾ ಬೀಳುತ್ತಲೇ ಇರುತ್ತದೆ. ಅದರೊಳಗಿನ ದ್ರವಕ್ಕೆ ಮೇಲು ಕೆಳಗು ಎಂಬುದಿಲ್ಲ.

1992ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿ ಫ್ರಿಯಾನ್ ದ್ರವವನ್ನು ಕುದಿಸಿ ನೋಡಲಾಯಿತು. ಗುಳ್ಳೆಗಳು ಏರಲಿಲ್ಲ. ಬಿಸಿಯಾದ ಜಾಗದ ಬಳಿಯೇ ನಿಂತು, ಒಂದನ್ನೊಂದು ನುಂಗಿ ದೊಡ್ಡ ಗುಳ್ಳೆಗಳಾದವು. ಇದು ಅಪಾಯದ ಕುದಿ. ಬಿಸಿ ಲೋಹಕ್ಕೂ ದ್ರವಕ್ಕೂ ನಡುವೆ ಆವಿಯ ಪರದೆ ಬಿದ್ದರೆ ಶಾಖ ಸಾಗದು, ಲೋಹ ಕಾದು ಸುಡುವ ಸ್ಥಿತಿಗೆ ಬರುತ್ತದೆ.

ಸಂಪರ್ಕ ಉಪಗ್ರಹದಲ್ಲಿ ಸಂಕೇತಗಳನ್ನು ವರ್ಧಿಸುವ ಉಪಕರಣಗಳು ಸದಾ ಬಿಸಿ ಕಾರುತ್ತವೆ. ಸುತ್ತ ಗಾಳಿಯಿಲ್ಲ, ಫ್ಯಾನು ತಿರುಗಿಸಿ ಫಲವಿಲ್ಲ. ಬಿಸಿಯನ್ನು ಹೊರಗೆ ಸಾಗಿಸದಿದ್ದರೆ ಅರಕಲಗೂಡಿನಲ್ಲೂ ಹೊಳೆನರಸೀಪುರದಲ್ಲೂ ಮಾಳಿಗೆ ಮೇಲಿನ ಡಿಶ್‌ಗೆ ಚಿತ್ರ ಬರುವುದು ನಿಂತೀತು. ಇದಕ್ಕೆ ಕಂಡುಕೊಂಡ ಉಪಾಯವೇ ಹೀಟ್ ಪೈಪ್. ಎರಡೂ ತುದಿ ಮುಚ್ಚಿದ ಅಲ್ಯೂಮಿನಿಯಂ ಕೊಳವೆ, ಒಳಗೆ ಸ್ವಲ್ಪ ಅಮೋನಿಯ, ಒಳಗೋಡೆಯುದ್ದಕ್ಕೂ ಸಣ್ಣ ಗೀರುಗಳು. ಬಿಸಿ ತುದಿಯಲ್ಲಿ ಅಮೋನಿಯ ಆವಿಯಾಗಿ ತಣ್ಣನೆಯ ತುದಿಗೆ ಓಡುತ್ತದೆ. ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಆ ಶಾಖ ಹೊರಫಲಕದಿಂದ ಆಕಾಶಕ್ಕೆ ಚೆಲ್ಲಿಹೋಗುತ್ತದೆ. ದ್ರವ ಹಿಂದಿರುಗುವುದು ಗೀರುಗಳ ಮೂಲಕ. ದೀಪದ ಬತ್ತಿಯಲ್ಲಿ ಎಣ್ಣೆ ಹತ್ತುವಂತೆ, ಮೇಲ್ಮೈ ಎಳೆತವೇ ಅದನ್ನು ಎಳೆದು ತರುತ್ತದೆ. ಪಂಪಿಲ್ಲ, ಮೋಟಾರಿಲ್ಲ, ಸವೆಯುವ ಭಾಗವೂ ಇಲ್ಲ.

ಇದರಲ್ಲೊಂದು ಸ್ವಾರಸ್ಯವಿದೆ. ಹಾರಿಸುವ ಮುನ್ನ ನೆಲದ ಮೇಲೆ ಪರೀಕ್ಷಿಸುವಾಗ ಈ ಕೊಳವೆಗಳನ್ನು ಮಟ್ಟಸವಾಗಿ ಮಲಗಿಸಲೇಬೇಕು. ಬಿಸಿ ತುದಿ ತುಸು ಮೇಲಾದರೂ ಅಮೋನಿಯ ಅತ್ತ ಹತ್ತಲು ಹೆಣಗುತ್ತದೆ. ಹಂಡೆಗೆ ನೆರವಾದ ಸೆಳೆತ ಇಲ್ಲಿ ಅಡ್ಡಿ.

ಕಕ್ಷೆ ಸೇರಿದ ಮೇಲೆ ಕೊಳವೆಯಲ್ಲಿ ಬಿರುಕು ಬಿಟ್ಟರೆ ರಿಪೇರಿಗೆ ಹೋಗುವವರು ಯಾರೂ ಇಲ್ಲ. ಸಾಲಗಾಮೆ ರಸ್ತೆಯ ಕೇಂದ್ರದ ಸಿಬ್ಬಂದಿಗೆ ಕಾಣುವುದು ಉಪಗ್ರಹ ಕಳಿಸುವ ಉಷ್ಣತೆಯ ಅಂಕಿಗಳಷ್ಟೇ. ಅಂಕಿ ಏರಿದರೆ ಯಾವುದಾದರೂ ಉಪಕರಣವನ್ನು ಆರಿಸಬಹುದು, ಇಳಿದರೆ ಹೀಟರ್ ಹಚ್ಚಬಹುದು. ಹಗಲೂ ರಾತ್ರಿ ಪಾಳಿಯ ಮೇಲೆ ಆ ಅಂಕಿಗಳನ್ನು ಕಾಯುತ್ತಿರುತ್ತಾರೆ.