ಅಜ್ಜಿಯ ಮಾತು 108ರವರಿಗೆ ತಿಳಿಯಬೇಕು

ನಾವು ಕೇರಳಕ್ಕೆ ಸೇರಿದ 1956ರಲ್ಲಿಯೇ ಬೀದರ ಜಿಲ್ಲೆಯ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯದ ಪಾಲಾದವು. ಅಲ್ಲಿಯೂ ಸಮೀಪದ ಉಮರ್ಗಾದಲ್ಲಿಯೂ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ಕುಟುಂಬಗಳು ಇಂದಿಗೂ ಇವೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವು ಆ ಭಾಗದ ಹಳ್ಳಿಗಳನ್ನು ನೆಲಸಮ ಮಾಡಿದಾಗ 108 ಇರಲಿಲ್ಲ. ಮಹಾರಾಷ್ಟ್ರಕ್ಕೆ ಅದು ಬಂದದ್ದು 2014ರಲ್ಲಿ. ಗಾಡಿಯಲ್ಲಿ ಬಂದವರಿಗೆ ಉಸಿರು, ನಾಡಿ, ರಕ್ತಸ್ರಾವ ನೋಡಲು ಭಾಷೆ ಬೇಡ. ಅನಂತರದ ಪ್ರಶ್ನೆಗಳಿಗೆ ಬೇಕು: ಯಾವಾಗ ಶುರುವಾಯಿತು? ಯಾವ ಮಾತ್ರೆ ನುಂಗುತ್ತಾರೆ? ಯಾವ ಮದ್ದು ಒಗ್ಗುವುದಿಲ್ಲ? ಕೊನೆಗೆ ಉಂಡದ್ದು ಎಷ್ಟು ಹೊತ್ತಿಗೆ?

‘ಚಕ್ಕರ್’ ಎಂದರೆ ಮರಾಠಿಗರಿಗೂ ತಿಳಿದೀತು. ಅಜ್ಜಿ ‘ಎದಿ ಹಿಂಡತದ’ ಎಂದರೆ? ಹೃದಯಾಘಾತದ ದೊಡ್ಡ ಸುಳಿವು ಆ ಹಿಂಡುವಿಕೆಯೇ. ನೋವಿದೆಯೇ ಎಂದು ಮರಾಠಿಯಲ್ಲಿ ಕೇಳಿದರೆ ಆಕೆ ಇಲ್ಲವೆಂದು ತಲೆಯಾಡಿಸಿಯಾಳು. ಅವಳ ಲೆಕ್ಕದಲ್ಲಿ ಅದು ನೋವಲ್ಲ.

ಪಾರ್ಶ್ವವಾಯುವಿನಲ್ಲಂತೂ ಗಡಿಯಾರವೇ ಮುಖ್ಯ. ರಕ್ತದ ಹೆಪ್ಪು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶ. ರಾತ್ರಿ ಹತ್ತಕ್ಕೆ ಸರಿಯಾಗಿ ಮಲಗಿದವರು ಬೆಳಿಗ್ಗೆ ತೊದಲುತ್ತ ಎದ್ದರೆ ಎಣಿಕೆ ಹತ್ತರಿಂದಲೇ ಹೊರತು ಎದ್ದ ಹೊತ್ತಿನಿಂದಲ್ಲ. ನಡುವೆ ನೀರು ಕೇಳಿ ಸರಿಯಾಗಿ ಮಾತಾಡಿದ್ದರೇ? ಅದು ಗೊತ್ತಿರುವುದು ಹೆಚ್ಚಾಗಿ ಮನೆಯ ಅಜ್ಜಿಗೇ.

ನಮ್ಮಲ್ಲಿ ಮರಾಠಿಯ ಜಾಗದಲ್ಲಿ ಮಲಯಾಳ, ಅಷ್ಟೆ. ಹಳೆಯ ಕಾಯಿಲೆ, ಮಾತ್ರೆಗಳ ಹೆಸರು, ಒಗ್ಗದ ಮದ್ದು ಇವನ್ನು ಎರಡೂ ಭಾಷೆಗಳಲ್ಲಿ ಬರೆದು ಮದ್ದಿನ ಡಬ್ಬಿಯಲ್ಲಿಡಿ. ಮಲಯಾಳ ಬರೆಯಲು ಶಾಲೆಗೆ ಹೋಗುವ ಮೊಮ್ಮಗಳು ಇದ್ದಾಳಲ್ಲ.