ಅನುಭವವಿಲ್ಲದ ಹೊಸಬರಿಗೆ ಸೀರೆ ವ್ಯಾಪಾರ ಕಲಿಸೋದು ಹೇಗೆ?

ನಿಮ್ಮ ಸೀರೆ ಅಂಗಡಿಗೆ ಹೊಸಬರೊಬ್ಬರು ಸೇರಿದ್ದಾರೆ. ವ್ಯಾಪಾರದ ಗಂಧಗಾಳಿ ಇಲ್ಲ. ಮೊದಲ ದಿನವೇ ಟಾರ್ಗೆಟ್ ಕೊಡಬೇಡಿ!

ಮೊದಲು, ಮಾಲಿನ ಪರಿಚಯ. ಇಳಕಲ್ ಸೀರೆ ಕೈಗೆ ಕೊಡಿ. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಸೇರಿಸಿರುವ ಜಾಗ ತೋರಿಸಿ, ಬೆರಳಾಡಿಸಿ ನೋಡಲಿ. ರೇಷ್ಮೆ ಸೀರೆಯಲ್ಲಿ ಸಿಲ್ಕ್ ಮಾರ್ಕ್ ಲೇಬಲ್ ತೋರಿಸಿ. 2004ರಲ್ಲಿ ಬಂದ ಈ ಗುರುತು ಅಪ್ಪಟ ರೇಷ್ಮೆಗೆ ಮಾತ್ರ.

ಎರಡನೆಯದು, ಹಳಬರ ಪಕ್ಕ ನಿಲ್ಲಿಸಿ. ಅವರು ಮಾತಾಡಲಿ, ಇವರು ಸೀರೆ ಬಿಚ್ಚಿ ತೋರಿಸಲಿ, ಮಡಚಿಡಲಿ. ಗಿರಾಕಿಯ ಕಣ್ಣು ಎಲ್ಲಿ ನಿಲ್ಲುತ್ತೆ ಅಂತ ಗಮನಿಸಲಿ.

ಮೂರನೆಯದು, ಪ್ರಶ್ನೆ ಕೇಳೋದು ಕಲಿಸಿ. "ಏನು ಬೇಕು ಮೇಡಂ?" ಅಂದರೆ "ಸುಮ್ನೆ ನೋಡ್ತಿದ್ದೀವಿ" ಅಂತಾರೆ. "ಬನ್ನಿ ಅಕ್ಕಾ, ಮದುವೆಗಾ, ದಿನಬಳಕೆಗಾ? ನಿಮಗಾ, ಕೊಡೋದಕ್ಕಾ?" ಅಂದರೆ ಮಾತು ಶುರುವಾಗುತ್ತೆ.

ನಾಲ್ಕನೆಯದು, ಅಭ್ಯಾಸ. ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ನೀವೇ ಗಿರಾಕಿಯಾಗಿ, "ರೇಟು ಜಾಸ್ತಿ ಆಯ್ತು" ಅನ್ನಿ. ತಡವರಿಸಿದರೆ ಅಲ್ಲೇ ತಿದ್ದಿ. ಗಿರಾಕಿ ಎದುರು ಮಾತ್ರ ಗದರಬೇಡಿ.

ಕೊನೆಯದಾಗಿ, ಗೊತ್ತಿಲ್ಲದಿದ್ದರೆ ಸುಳ್ಳು ಹೇಳದೆ "ಕೇಳಿ ಹೇಳ್ತೀನಿ" ಅನ್ನುವ ಧೈರ್ಯ ತುಂಬಿ. ಗಿರಾಕಿ ಮತ್ತೆ ಬರೋದು ಆ ನಂಬಿಕೆಯಿಂದಲೇ.