ಹಾಸ್ಯನಟಿಯ ಸ್ಥಾನ: ಶ್ರೀಮತಿ ಉಮಾಶ್ರೀಯವರ ಕಲಾಜೀವನದ ವಿವೇಚನೆ

ಕನ್ನಡ ಚಲನಚಿತ್ರದ ಚರಿತ್ರೆಯನ್ನು ನಾಯಕರನ್ನೂ ನಿರ್ದೇಶಕರನ್ನೂ ಆಧಾರವಾಗಿಟ್ಟುಕೊಂಡು ನಿರೂಪಿಸುವುದು ವಾಡಿಕೆ. ಅಂತಹ ನಿರೂಪಣೆಯಲ್ಲಿ ಹಾಸ್ಯಪಾತ್ರಗಳನ್ನು ವಹಿಸಿದ ಸ್ತ್ರೀಯರಿಗೆ ದೊರೆಯುವ ಸ್ಥಳ ಅತ್ಯಲ್ಪ. ಹಾಸ್ಯವು ಅಭಿನಯದ ಕೆಳಗಿನ ಮೆಟ್ಟಿಲು, ಗಾಂಭೀರ್ಯವು ಮೇಲಿನ ಮೆಟ್ಟಿಲು ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಉಮಾಶ್ರೀಯವರ ಕಲಾಜೀವನದ ಮೂಲಕ ಪರಿಶೀಲಿಸಬಹುದು.

ಇವರಿಗಿಂತ ಮುಂಚೆ ಬಿ. ಜಯಾ ಅವರು ನರಸಿಂಹರಾಜು, ದ್ವಾರಕೀಶ್ ಮೊದಲಾದವರೊಡನೆ ನಟಿಸಿ ಹಾಸ್ಯನಟಿಯ ಪಾತ್ರಕ್ಕೆ ಒಂದು ರೂಪವನ್ನು ಕೊಟ್ಟಿದ್ದರು. ತುಮಕೂರು ಜಿಲ್ಲೆಯವರಾದ ಉಮಾಶ್ರೀಯವರು ರಂಗಭೂಮಿಯಿಂದ ಬಂದವರು. ಕಾಶೀನಾಥ್ ಅವರು 1984ರಲ್ಲಿ ನಿರ್ದೇಶಿಸಿದ 'ಅನುಭವ' ಚಿತ್ರದಿಂದ ಅವರ ಹೆಸರು ಮನೆಮಾತಾಯಿತು. ಅನಂತರ ಎನ್. ಎಸ್. ರಾವ್, ಮೈಸೂರು ಲೋಕೇಶ್ ಮುಂತಾದವರ ಜೊತೆಯಲ್ಲಿ ಅವರು ಅನೇಕ ಹಾಸ್ಯಪಾತ್ರಗಳನ್ನು ನಿರ್ವಹಿಸಿದರು.

ಆ ಕಾಲದ ಚಿತ್ರಗಳಲ್ಲಿ ಹಾಸ್ಯವು ಮುಖ್ಯಕಥೆಯ ಪಕ್ಕದಲ್ಲಿ ಸಾಗುವ ಬೇರೊಂದು ಎಳೆಯಾಗಿತ್ತು. ಅದರ ದೃಶ್ಯಗಳು ಚಿಕ್ಕವು. ಪಾತ್ರದ ಪೂರ್ವೋತ್ತರಗಳನ್ನು ವಿವರಿಸಲು ಅಲ್ಲಿ ಅವಕಾಶವಿಲ್ಲ. ಮೊದಲ ಹೆಜ್ಜೆ, ಮೊದಲ ಮಾತು, ಸೆರಗು ಸಿಕ್ಕಿಸುವ ರೀತಿ ಇವುಗಳಿಂದಲೇ ಈಕೆ ಯಾರು, ಯಾವ ಊರಿನವಳು, ಯಾವ ಕಸುಬಿನವಳು ಎಂಬುದು ಪ್ರೇಕ್ಷಕನಿಗೆ ತಿಳಿಯಬೇಕು. ಮಾತು ಒಂದು ಕ್ಷಣ ತಡವಾದರೂ ನಗೆ ಹುಟ್ಟುವುದಿಲ್ಲ. ಇದು ಸಾಮಾನ್ಯವಾದ ಶಿಕ್ಷಣವಲ್ಲ. ಆದರೆ ಸಂಭಾಷಣೆಗಳು ಹಲವು ವೇಳೆ ದ್ವಂದ್ವಾರ್ಥದವಾಗಿದ್ದುದರಿಂದ, ಅವುಗಳನ್ನು ಕೇಳಿ ನಕ್ಕ ಸಮಾಜವೇ ಅವುಗಳನ್ನಾಡಿದ ನಟಿಯನ್ನು ಲಘುವಾಗಿ ಕಂಡಿತು. ಬರೆದವರಿಗೂ ನಿರ್ದೇಶಿಸಿದವರಿಗೂ ಅಷ್ಟು ಅಪವಾದ ತಟ್ಟಲಿಲ್ಲವೆಂಬುದು ಗಮನಾರ್ಹ.

ಇದೇ ನಟಿ ರಂಗದ ಮೇಲೆ ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನಾಗಿದ್ದರು. ಸಿ. ಜಿ. ಕೃಷ್ಣಸ್ವಾಮಿಯವರು ನಿರ್ದೇಶಿಸಿದ ಆ ನಾಟಕದಲ್ಲಿ, ಕಳೆದುಹೋದ ಹುಂಜವನ್ನು ಹುಡುಕುವ ದಲಿತ ಮುದುಕಿಯ ಪಾತ್ರವನ್ನು ತಾರುಣ್ಯದಲ್ಲೇ ಧರಿಸಿದರು. ಹಸಿವು, ಹಠ, ಬೈಗುಳ, ನಗೆ ಇವೆಲ್ಲ ಒಂದೇ ಮಾತಿನಲ್ಲಿ ಬೆರೆತಿರುವ ಆ ಪಾತ್ರಕ್ಕೂ, ಚಿತ್ರಗಳಲ್ಲಿನ ಗಯ್ಯಾಳಿಯ ಪಾತ್ರಕ್ಕೂ ಬೇಕಾದ ಸಾಮಗ್ರಿ ಒಂದೇ: ಆಡುನುಡಿಯ ಲಯ ಮತ್ತು ದೇಹದ ಮೇಲಿನ ಹತೋಟಿ.

ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ 'ಗುಲಾಬಿ ಟಾಕೀಸ್' ಚಿತ್ರಕ್ಕಾಗಿ ಉಮಾಶ್ರೀಯವರಿಗೆ 2007ನೆಯ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಲಭಿಸಿತು. ಕರಾವಳಿಯ ಸೂಲಗಿತ್ತಿ ಗುಲಾಬಿಗೆ ಸಿನಿಮಾದ ಹುಚ್ಚು. ಅವಳ ಮನೆಗೆ ದೂರದರ್ಶನ ಬಂದಾಗ ನೆರೆಹೊರೆಯ ಹೆಂಗಸರು ಅಲ್ಲಿ ಸೇರುತ್ತಾರೆ. ಕಾರ್ಗಿಲ್ ಯುದ್ಧದ ಕಾಲದ ಮತೀಯ ದ್ವೇಷ ಆ ಒಡನಾಟವನ್ನು ಮುರಿಯುತ್ತದೆ. ಗುಲಾಬಿಯ ಮುಗ್ಧ ಸಂಭ್ರಮ ನಮ್ಮನ್ನು ನಗಿಸದಿದ್ದರೆ, ಅವಳ ಒಂಟಿತನ ನಮ್ಮನ್ನು ಇಷ್ಟು ನೋಯಿಸುತ್ತಿರಲಿಲ್ಲ.

2013ರಲ್ಲಿ ತೇರದಾಳದಿಂದ ವಿಧಾನಸಭೆಗೆ ಆಯ್ಕೆಯಾಗಿ ಅವರು ಕನ್ನಡ ಮತ್ತು ಸಂಸ್ಕೃತಿ ಖಾತೆಯ ಮಂತ್ರಿಣಿಯಾದರು. 2021ರಲ್ಲಿ ಆರಂಭವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯಾಗಿ ಮನೆಮನೆಗಳನ್ನು ತಲುಪಿದರು.

'ಅನುಭವ'ಕ್ಕೂ ರಾಷ್ಟ್ರಪ್ರಶಸ್ತಿಯ ಚಿತ್ರಕ್ಕೂ ನಡುವೆ 23 ವರ್ಷಗಳ ಅಂತರವಿದೆ. ಈ ಅವಧಿಯನ್ನು ಗಂಭೀರಪಾತ್ರಕ್ಕಾಗಿ ಕಾದ ಕಾಲವೆಂದು ಎಣಿಸುವುದು ತಪ್ಪು; ಅದು ಕಲೆ ಪಕ್ವವಾದ ಕಾಲ. ಪ್ರಶಸ್ತಿಗಳ ಪಟ್ಟಿಯನ್ನಷ್ಟೇ ಆಕರವಾಗಿ ಹಿಡಿಯುವ ಚರಿತ್ರಕಾರನಿಗೆ ಇದು ಕಾಣುವುದಿಲ್ಲ. ಆದ್ದರಿಂದ ಚಲನಚಿತ್ರವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಹಾಸ್ಯದ ಆ ಚಿಕ್ಕ ದೃಶ್ಯಗಳನ್ನೂ ಆಕರಗಳೆಂದೇ ಭಾವಿಸಿ ಪರಿಶೀಲಿಸುವುದು ಉಚಿತ.